ಕೈ ಹೇಳಿದ್ದು ಗೇರಿಗೆ ಮುಟ್ಟಬೇಕಲ್ಲ

ಮಹಾರಾಷ್ಟ್ರದಲ್ಲಿ ಅಂಬಡ್ ಎಂಬ ಹೆಸರಿನ ಊರು ಎರಡಿವೆ. ಒಂದು ಛತ್ರಪತಿ ಸಂಭಾಜಿನಗರದ ಕಡೆ, ಜಾಲ್ನಾ ಜಿಲ್ಲೆಯ ತಾಲ್ಲೂಕು ಕೇಂದ್ರ. ಮೀನಿನಾಕಾರದ ಗುಡ್ಡದ ಮೇಲೆ ಮತ್ಸ್ಯೋದರಿ ದೇವಿ ನೆಲೆಸಿರುವ ಹಳೆಯ ಊರು. ಇನ್ನೊಂದು ನಾಸಿಕ್ ನಗರಕ್ಕೆ ಅಂಟಿಕೊಂಡಿರುವ ಅಂಬಡ್. ಅಲ್ಲಿ ದೇವಸ್ಥಾನಕ್ಕಿಂತ ಕಾರ್ಖಾನೆಗಳ ಹೊಗೆಕೊಳವೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ನಾನಿರುವುದು ಈ ಎರಡನೆಯದರಲ್ಲಿ. ಹೋದ ಮಳೆಗಾಲದಲ್ಲಿ ಮುಂಬಯಿಯಿಂದ ನನಗೆ ಬರಬೇಕಿದ್ದ ಪೊಟ್ಟಣವೊಂದು ಮೊದಲು ದೇವಿಯ ದರ್ಶನ ಮಾಡಿಕೊಂಡು, ಎಂಟು ದಿನ ತಡವಾಗಿ ನನ್ನ ಬಾಗಿಲಿಗೆ ಬಂತು. ನಮ್ಮ ಪಿನ್‌ಕೋಡು 422ರಿಂದ ಶುರುವಾಗುತ್ತದೆ ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದರೂ 431ರ ಕಡೆಗೆ ಹೊರಟುಬಿಡುವ ಪೊಟ್ಟಣಗಳಿವೆ.

ಅದರೊಳಗಿದ್ದದ್ದು ಆರು ಬುಷ್, ನಾಲ್ಕು ವಾಷರ್, ಒಂದು ಸ್ಪ್ರಿಂಗ್, ಒಂದು ಹಿಡಿ ಸ್ಪ್ಲಿಟ್ ಪಿನ್. ಎಲ್ಲ ಸೇರಿ ಕಾಲು ಕೆಜಿ ತೂಗುತ್ತಿರಲಿಲ್ಲ. ಅದರ ದಾರಿ ಕಾಯುತ್ತ ಗ್ಯಾರೇಜಿನಲ್ಲಿ ನಿಂತಿದ್ದದ್ದು ನನ್ನ ಸೋದರಮಾವನ ಪ್ರೀಮಿಯರ್ ಪದ್ಮಿನಿ, ಒಂಬೈನೂರು ಕೆಜಿಯ ಆಸುಪಾಸಿನ ಕಾರು. ಅದಕ್ಕೆ ಆಗಷ್ಟೇ ಬೇರೆ ಎಂಜಿನ್ ಕೂರಿಸಿದ್ದೆವು. ಸ್ಟಾರ್ಟ್ ಮಾಡಿದರೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಆದರೆ ಎರಡನೇ ಗೇರ್ ಬೀಳುತ್ತಿರಲಿಲ್ಲ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಳೆಯ ಕಾರಿನವರದು ಒಂದು ಪಾಲು ಯಾವಾಗಲೂ ಇರುತ್ತದೆ. ಅವರಲ್ಲಿ ಹೆಚ್ಚಿನವರದು ಇದೇ ಅಳಲು. ಎಂಜಿನ್ ಬದಲಿಸಿದೆವು, ಈಗ ಗೇರ್ ಸರಿಯಾಗಿ ಬೀಳುತ್ತಿಲ್ಲ, ಗೇರ್‌ಬಾಕ್ಸನ್ನೂ ಬದಲಿಸಬೇಕೇ? ನನ್ನ ಉತ್ತರ ಪ್ರತಿಸಲವೂ ಒಂದೇ: ಗೇರ್‌ಬಾಕ್ಸಿಗೆ ಕೈ ಹಚ್ಚುವ ಮೊದಲು, ನಿಮ್ಮ ಕೈಗೂ ಗೇರ್‌ಬಾಕ್ಸಿಗೂ ನಡುವೆ ಇರುವುದನ್ನು ನೋಡಿ. ಹೀಗೆ ಊರಿಗೆಲ್ಲ ಉಪದೇಶ ಮಾಡುವ ನಾನೇ ಮಾವನ ಕಾರಿನ ವಿಷಯದಲ್ಲಿ ಮೊದಲು ಗೇರ್‌ಬಾಕ್ಸ್ ಬಿಚ್ಚಿಸಿದೆ. ಅದನ್ನೂ ಹೇಳಿಬಿಡುತ್ತೇನೆ.

ಪದ್ಮಿನಿಯ ಬಗ್ಗೆ ಎರಡು ಮಾತು. ಮುಂಬಯಿಯ ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ ಕಾರೇ 1974ರಲ್ಲಿ ಪದ್ಮಿನಿಯಾಯಿತು. ನಮ್ಮ ಜನಕ್ಕೆ ಅದು ಕೊನೆಯವರೆಗೂ ‘ಫಿಯೇಟು’. 1089 ಸಿಸಿಯ ಪೆಟ್ರೋಲ್ ಎಂಜಿನ್, ನಾಲ್ಕು ಗೇರ್, ಮತ್ತು ಗೇರಿನ ಲಿವರ್ ನೆಲದ ಮೇಲಲ್ಲ, ಸ್ಟೇರಿಂಗ್ ಕಂಬದ ಎಡಕ್ಕೆ. ಅಂಬಾಸಿಡರಿಗೂ ಬಹುಕಾಲ ಇದೇ ‘ಹ್ಯಾಂಡ್ ಗೇರ್’. ಲಿವರ್ ಮೇಲಕ್ಕೆ ಹೋದದ್ದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂರು ಜನ ಕೂರಬಹುದಿತ್ತು. ಮೂರು ಎಂದು ಕಂಪನಿಯವರು ಲೆಕ್ಕ ಹಾಕಿದ್ದರು. ಹುಬ್ಬಳ್ಳಿಯಿಂದ ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ನಮ್ಮ ಮನೆಯವರ ಲೆಕ್ಕ ಬೇರೆಯೇ ಇರುತ್ತಿತ್ತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದದ್ದರಿಂದ 2023ರ ಅಕ್ಟೋಬರಿಗೆ ಅದೂ ರಸ್ತೆ ಬಿಟ್ಟಿತು. ಇಂದು ಓಡಾಡುತ್ತಿರುವವು ಮಾವನಂಥವರು ಮನೆಯಲ್ಲಿ ಜೋಪಾನ ಮಾಡಿಕೊಂಡವು.

ಮಾವ ತಮ್ಮ ಗಾಡಿಯನ್ನು ಹುಬ್ಬಳ್ಳಿಯಲ್ಲಿ 1986ರಲ್ಲಿ ಕೊಂಡರು. ಮಗನ ಮನೆಗೆಂದು ನಾಸಿಕ್‌ಗೆ ಬಂದಾಗ ಅದನ್ನೂ ಜೊತೆಗೆ ತಂದರು, ಕಾಗದಪತ್ರ ಬದಲಿಸಿ ಎಂಎಚ್ 15ರ ಫಲಕ ಹಾಕಿಸಿದರು. ಎಂಜಿನ್ನಿಗೆ ಎರಡು ಸಲ ಬೋರ್ ಆಗಿತ್ತು, ಮೂರನೇ ಸಲಕ್ಕೆ ಬ್ಲಾಕಿನಲ್ಲಿ ಬಿರುಕು ಕಾಣಿಸಿತು. ಹಾಗಾಗಿ ಕುರ್ಲಾದ ಗುಜರಿಯಿಂದ ಅದೇ ಮಾದರಿಯ ಇನ್ನೊಂದು ಎಂಜಿನ್ ತಂದು, ಬಿಚ್ಚಿ, ತೊಳೆದು, ರಿಂಗ್ ಪಿಸ್ಟನ್ ಹಾಕಿಸಿ ಕೂರಿಸಿದೆವು. ಇಷ್ಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ಮೊದಲ ದಿನವೇ ಪಾಥರ್ಡಿ ಫಾಟಾದ ಸಿಗ್ನಲ್ಲಿನಲ್ಲಿ ಗಾಡಿ ಒಂದನೇ ಗೇರಿನಿಂದ ಎರಡಕ್ಕೆ ಹೋಗದೆ, ಲಿವರ್ ಗಾಳಿಯಲ್ಲಿ ತೇಲಿದಂತಾಗಿ ನಿಂತುಬಿಟ್ಟಿತು. ಹಿಂದಿನಿಂದ ಹಾರ್ನುಗಳ ಮೇಳ.

ನಾನು ಕರೆದೊಯ್ದ ಗ್ಯಾರೇಜಿನವರು ಸಿಂಕ್ರೋ ರಿಂಗು ಹೋಗಿದೆ ಎಂದರು. ನಾನೂ ತಲೆಯಾಡಿಸಿದೆ. ಗೇರ್‌ಬಾಕ್ಸ್ ಇಳಿಯಿತು, ಬಿಚ್ಚಿತು, ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಬಿಚ್ಚಿದ ಮೇಲೆ ಏನಾದರೂ ಬದಲಿಸಲೇಬೇಕಲ್ಲ, ಒಂದು ಬೇರಿಂಗ್ ಬದಲಿಸಿ ಮತ್ತೆ ಕೂರಿಸಿದರು. ಕೂಲಿ ಕೊಟ್ಟು ಹೊರಗೆ ತಂದರೆ ಗಾಡಿ ಅದೇ ಸಿಗ್ನಲ್ಲಿನಲ್ಲಿ ಅದೇ ತೆರನಾಗಿ ನಿಂತಿತು.

ಆಮೇಲೆ ಹೋದದ್ದು ನಮ್ಮ ಎಂಐಡಿಸಿ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಕೆಲಸ ಮಾಡುವ ಒಬ್ಬ ಮಿಸ್ತ್ರಿಯ ಹತ್ತಿರ. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಅವರು ಪಾನಾ ಮುಟ್ಟಲೇ ಇಲ್ಲ. ಎಂಜಿನ್ ಬಂದ್ ಮಾಡಿಸಿ, ಬಾನೆಟ್ ಎತ್ತಿ, ನನ್ನನ್ನು ಒಳಗೆ ಕೂರಿಸಿ ಲಿವರ್ ಆಡಿಸಲು ಹೇಳಿದರು. ನಾನು ಆಡಿಸುತ್ತಿದ್ದೆ, ಅವರು ಬಗ್ಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೈ ಒರೆಸಿಕೊಂಡು ಅಂದರು: “ಗೇರ್‌ಬಾಕ್ಸಿಗೆ ಯಾಕ ಬೈತೀರಿ ಸಾಹೇಬ್ರ? ಅದು ಕಿವುಡ ಅಲ್ರಿ. ನಿಮ್ಮ ಮಾತ ಅದಕ್ಕ ಮುಟ್ಟವಲ್ದು.”

ಇದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದಾಗದು, ಆದರೂ ಬಿಡಿಸಿ ಹೇಳಲು ನೋಡುತ್ತೇನೆ. ಗೇರ್‌ಬಾಕ್ಸಿಗೆ ಕೈ ಹೇಳಬೇಕಾದದ್ದು ಎರಡೇ ಸಂಗತಿ. ಯಾವ ಸಾಲು ಎಂಬುದು ಒಂದು: ಒಂದು-ಎರಡರ ಸಾಲೋ, ಮೂರು-ನಾಲ್ಕರದೋ, ರಿವರ್ಸಿನದೋ. ಆ ಸಾಲಿನಲ್ಲಿ ಹಿಂದಕ್ಕೋ ಮುಂದಕ್ಕೋ ಎಂಬುದು ಇನ್ನೊಂದು. ನೆಲದ ಗೇರಿನ ಹಳೆಯ ಜೀಪಿನಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸಿನ ನೆತ್ತಿಯ ಮೇಲೇ ಕೂತಿರುತ್ತದೆ, ಹೇಳುವವನೂ ಕೇಳುವವನೂ ಮುಖಾಮುಖಿ. ಹ್ಯಾಂಡ್ ಗೇರಿನಲ್ಲಿ ಹಾಗಲ್ಲ. ಲಿವರಿನ ಮಾತು ಸ್ಟೇರಿಂಗ್ ಕಂಬದ ಜೊತೆಗೆ ಇಳಿಯುವ ಶಾಫ್ಟಿಗೆ, ಅದರ ಬುಡದ ತೋಳಿಗೆ, ಅಲ್ಲಿಂದ ರಾಡಿಗೆ, ರಾಡಿನಿಂದ ಇನ್ನೊಂದು ತೋಳಿಗೆ ದಾಟಿ ಕೊನೆಗೆ ಗೇರ್‌ಬಾಕ್ಸಿನ ಮೈಮೇಲಿನ ಲಿವರ್ ತಲುಪಬೇಕು. ಒಂದೊಂದು ಕೀಲಿನಲ್ಲೂ ಒಂದು ಪಿನ್, ಒಂದು ಬುಷ್. ಮದುವೆ ಮನೆಯಲ್ಲಿ ಅಡುಗೆಯವರಿಗೆ ಹೇಳಿ ಕಳಿಸಿದ ಮಾತಿನ ಹಾಗೆ, ಐದು ಬಾಯಿ ದಾಟುವಷ್ಟರಲ್ಲಿ ಉಪ್ಪು ಸಕ್ಕರೆಯಾಗಿರುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಕೀಲಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವೆಂದರೆ ಕಣ್ಣಿಗೂ ಕಾಣದು. ಐದು ಕೀಲಿಗೆ ಎರಡೂವರೆ ಮಿಲಿಮೀಟರ್. ಗೇರ್‌ಬಾಕ್ಸ್ ತುದಿ ಸರಿಯುವ ದೂರದ ಆರು ಪಟ್ಟು ಲಿವರಿನ ಹಿಡಿ ಸರಿಯುತ್ತದೆ ಎಂದುಕೊಳ್ಳಿ, ಆಗ ನಿಮ್ಮ ಅಂಗೈಯಲ್ಲಿ ಹದಿನೈದು ಮಿಲಿಮೀಟರ್ ಬರೀ ಗಾಳಿ. ಮಾವನ ಗಾಡಿಯಲ್ಲಿ ಬುಷ್ ಸವೆದು ಪುಡಿಯಾಗಿ, ಪಿನ್ನು ತೋಳಿನ ಕಬ್ಬಿಣವನ್ನೇ ತಿಂದು, ದುಂಡಗಿದ್ದ ತೂತು ಮೊಟ್ಟೆಯಾಕಾರವಾಗಿತ್ತು. ಹಿಡಿಯಲ್ಲಿ ಮೂರು ಬೆರಳಗಲ ಆಟ. ಅದರಲ್ಲಿ ಸಾಲು ಆಯ್ದುಕೊಳ್ಳುವ ಚಲನೆಯೇ ಮುಳುಗಿ ಹೋಗಿತ್ತು. ಲಿವರ್ ಒಂದು-ಎರಡರ ಸಾಲಿನಲ್ಲಿದೆ ಎಂದು ನನ್ನ ಕೈ ತಿಳಿದಿತ್ತು, ಕೆಳಗೆ ಅದು ಎರಡು ಸಾಲುಗಳ ನಡುವಿನ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿತ್ತು.

ಸರಿ, ಇದು ಇಪ್ಪತ್ತು ವರ್ಷದಿಂದ ಸವೆಯುತ್ತ ಬಂದದ್ದು. ಹಾಗಿದ್ದರೆ ಎಂಜಿನ್ ಬದಲಿಸಿದ ಮಾರನೆಯ ದಿನವೇ ಏಕೆ ಕೈಕೊಟ್ಟಿತು? ಓದುಗರು ಗೇರ್‌ಬಾಕ್ಸಿನ ಮೇಲೆ, ಇಲ್ಲವೇ ಎಂಜಿನ್ ಕೂರಿಸಿದವರ ಮೇಲೆ ಗುಮಾನಿ ಪಡುವುದು ಈ ಕಾರಣಕ್ಕೇ. ನನಗೆ ಬಹಳ ಸ್ವಾರಸ್ಯವಾಗಿ ಕಂಡ ಭಾಗವೂ ಇದೇ.

ಸ್ಟೇರಿಂಗ್ ಕಂಬ ಬಾಡಿಗೆ ಬಿಗಿದದ್ದು, ಅಲುಗುವುದಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರಿನ ಮೌಂಟಿಂಗಿನ ಮೇಲೆ ಕೂತಿರುತ್ತವೆ. ಗ್ಯಾರೇಜಿನ ಮಾತಿನಲ್ಲಿ ಅದು ‘ಫೌಂಡೇಶನ್’. ಗೇರಿನ ರಾಡುಗಳು ಈ ಅಲುಗುವವನಿಗೂ ಅಲುಗದವನಿಗೂ ನಡುವಿನ ಸೇತುವೆ. ಹಳೆಯ ಮೌಂಟಿಂಗಿನ ರಬ್ಬರು ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ, ಎಂಜಿನ್ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ, ಯಾರೋ ಒಬ್ಬ ಮೆಕ್ಯಾನಿಕ್ ಯಾವಾಗಲೋ ರಾಡಿನ ನಟ್ಟು ತಿರುಗಿಸಿ ಅದಕ್ಕೆ ಹೊಂದಿಸಿರುತ್ತಾನೆ. ಈಗ ನೀವು ಎಂಜಿನ್ ಜೊತೆಗೆ ಹೊಸ ಮೌಂಟಿಂಗ್ ಹಾಕಿದಿರಿ. ಎಂಜಿನ್ ತನ್ನ ಮೂಲ ಎತ್ತರಕ್ಕೆ ಏರಿತು. ಕುಸಿದ ಎಂಜಿನ್ನಿಗೆ ಹೊಂದಿಸಿದ್ದ ರಾಡು ಈಗ ತಪ್ಪು ಅಳತೆಯದು. ನೀವು ಮಾಡಿದ್ದು ಸರಿಯೇ. ಮೊದಲಿದ್ದ ತಪ್ಪಿಗೆ ಹೊಂದಿಕೊಂಡಿದ್ದದ್ದು ಈಗ ತಪ್ಪಿತು, ಅಷ್ಟೆ.

ಇನ್ನು ಎಂಜಿನ್ ಇಳಿಸುವಾಗಿನ ಅವಸರ. ಚೈನ್ ಪುಲ್ಲಿಗೆ ಸಿಕ್ಕಿಸಿ ಎತ್ತುವಾಗ ರಾಡನ್ನು ನೀಟಾಗಿ ಬಿಚ್ಚುವ ಬದಲು ಸ್ಕ್ರೂಡ್ರೈವರಿನಿಂದ ಮೀಟಿ ಕೀಳುತ್ತಾರೆ. ಬಿಸಿಲು, ಎಣ್ಣೆ, ಸೈಲೆನ್ಸರಿನ ಕಾವು ತಿಂದು ಬಿಸ್ಕತ್ತಿನ ಹಾಗಾಗಿದ್ದ ಬುಷ್ ಅಲ್ಲೇ ಒಡೆಯುತ್ತದೆ. ರಾಡನ್ನು ಜೋತಾಡಲು ಬಿಟ್ಟರೆ ಅದೂ ತುಸು ಬಾಗುತ್ತದೆ.

ಇನ್ನೊಂದು ಕಾರಣ ಲೋಹದ್ದಲ್ಲ. ಸಡಿಲ ಗೇರಿಗೆ ಚಾಲಕನ ಕೈ ಒಗ್ಗಿಹೋಗಿರುತ್ತದೆ. ತುಸು ಎತ್ತಿ, ಅರೆಗಳಿಗೆ ತಡೆದು, ಮಣಿಕಟ್ಟನ್ನು ಸಣ್ಣಗೆ ತಿರುಚಿ ಎರಡನೇ ಗೇರ್ ಹಾಕುವ ವಿದ್ಯೆಯನ್ನು ಮಾವನ ಕೈ ಅವರಿಗೇ ಗೊತ್ತಾಗದ ಹಾಗೆ ಕಲಿತಿತ್ತು. ಅದೇ ಗಾಡಿಯನ್ನು ಅವರು ಎಂಜಿನ್ ಇಳಿಸುವ ಹಿಂದಿನ ದಿನದವರೆಗೂ ಕಸಾರಾ ಘಾಟಿನಲ್ಲಿ ಇಳಿಸಿ ಹತ್ತಿಸಿದ್ದರು. ನಾಲ್ಕು ತಿಂಗಳು ನಿಂತ ಗಾಡಿಯನ್ನು ಮೊದಲು ಹೊರಗೆ ತಂದವನು ನಾನು. ನನ್ನ ಕೈಗೆ ಆ ವಿದ್ಯೆ ಇರಲಿಲ್ಲ.

ನಿಮ್ಮ ಗಾಡಿಯ ದೋಷ ಎಲ್ಲಿದೆ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಇದೆ. ಎಂಜಿನ್ ಬಂದ್ ಇರುವಾಗ ಗೇರೆಲ್ಲ ಸಲೀಸಾಗಿ ಬಿದ್ದು, ಚಾಲೂ ಆದಾಗ ಮಾತ್ರ ಕರ್ರ್ ಎಂದು ಕಿರುಚಿದರೆ ಅದು ಕ್ಲಚ್ಚಿನ ಕಾಟ, ರಾಡಿನದ್ದಲ್ಲ. ಬಂದ್ ಇದ್ದಾಗಲೂ ಬೀಳದಿದ್ದರೆ ಮಿಸ್ತ್ರಿ ಮಾಡಿದ ಹಾಗೆ ಒಬ್ಬರು ಆಡಿಸಿ, ಒಬ್ಬರು ನೋಡಿ. ಹಿಡಿ ಸರಿದು ಎಷ್ಟೋ ಹೊತ್ತಿನ ಮೇಲೆ ಕೆಳಗಿನ ತೋಳು ಎಚ್ಚರಗೊಳ್ಳುತ್ತಿದ್ದರೆ ಉತ್ತರ ಸಿಕ್ಕಿತು. ಇನ್ನೂ ಅನುಮಾನವೇ? ರಾಡು ಬಿಚ್ಚಿ, ಗೇರ್‌ಬಾಕ್ಸಿನ ಲಿವರನ್ನು ನೇರ ಕೈಯಿಂದಲೇ ಸರಿಸಿ. ಟಕ್ ಟಕ್ ಎಂದು ಕೂರುತ್ತಿದ್ದರೆ ಗೇರ್‌ಬಾಕ್ಸ್ ನಿರಪರಾಧಿ. ನಾನು ಈ ಹತ್ತು ನಿಮಿಷದ ಕೆಲಸ ಮಾಡಿದ್ದಿದ್ದರೆ ಒಂದು ಗೇರ್‌ಬಾಕ್ಸ್ ಇಳಿಸಿದ ಕೂಲಿ ಉಳಿಯುತ್ತಿತ್ತು.

ಪೊಟ್ಟಣದ ಕಥೆ ಅರ್ಧಕ್ಕೆ ನಿಂತಿದೆ. ಎಂಟು ದಿನ ಕಾದು ಬಂದ ಆರು ಬುಷ್‌ಗಳಲ್ಲಿ ನಾಲ್ಕು ನೈಲಾನಿನವು, ಅವು ಚೆನ್ನಾಗಿದ್ದವು. ಎರಡು ರಬ್ಬರಿನವು. ಪ್ಲಾಸ್ಟಿಕ್ ಚೀಲ ಒಡೆದೇ ಇರಲಿಲ್ಲ, ಒಳಗೆ ಹಳೆಯ ಅಚ್ಚಿನ ಚೀಟಿ, ನೋಡಿದರೆ ಕಣ್ತುಂಬಿ ಬರಬೇಕು. ಬೆರಳಿನಲ್ಲಿ ಒತ್ತಿದೆ. ಕಲ್ಲು. ಹಳೆಯ ಕಾರಿನವರು ಇಂಥ ‘ಓಲ್ಡ್ ಸ್ಟಾಕ್’ ಸಿಕ್ಕರೆ ನಿಧಿ ಸಿಕ್ಕಂತೆ ಕುಣಿಯುತ್ತಾರೆ. ಲೋಹದ ಭಾಗವಾದರೆ ಕುಣಿಯಲಿ. ರಬ್ಬರು ಚೀಲದಲ್ಲಿದ್ದರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕಕ್ಕೆ, ಓಝೋನಿಗೆ, ಕಾವಿಗೆ ಅದು ಗಾಡಿಯಲ್ಲಿದೆಯೋ ಕಪಾಟಿನಲ್ಲಿದೆಯೋ ಎಂಬ ಭೇದ ಹೆಚ್ಚೇನಿಲ್ಲ. ಮೂವತ್ತು ವರ್ಷ ಕಪಾಟಿನಲ್ಲಿದ್ದ ಬುಷ್ ಹೊಸದಲ್ಲ, ಬಳಸದ ಹಳೆಯದು.

ಈ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚು ಮಾತಾಡುವ ಹಕ್ಕಿದೆ. ಅಂಬಡ್‌ನ ಪಕ್ಕದ ಸಾತ್‌ಪುರದಲ್ಲಿ ಮಹೀಂದ್ರಾದ ಕಾರ್ಖಾನೆ ಇದೆ, ಇಗತ್‌ಪುರಿಯಲ್ಲಿ ಅವರದೇ ಎಂಜಿನ್ ಘಟಕವಿದೆ. ವಾಹನದ ಬಿಡಿಭಾಗ ಮಾಡುವ ಸಣ್ಣ ಸಣ್ಣ ಘಟಕಗಳು ನಮ್ಮ ಎಂಐಡಿಸಿಯ ತುಂಬ ಇವೆ. ಅಂಥದೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ರಬ್ಬರ್ ಬುಷ್ ಅಚ್ಚು ಹಾಕಿಸಿದ್ದೇನೆ. ಕಣಕದ ಹಾಗಿರುವ ಕಚ್ಚಾ ರಬ್ಬರನ್ನು ಅಚ್ಚಿನಲ್ಲಿಟ್ಟು, ನೂರೈವತ್ತು ಡಿಗ್ರಿ ದಾಟಿದ ಪ್ರೆಸ್ಸಿನಲ್ಲಿ ಒತ್ತಿ ಬೇಯಿಸುವುದು. ತೆಗೆದ ಮೇಲೆ ಮುಳ್ಳಿನ ಮೀಟರ್ ಒತ್ತಿ ಗಡಸುತನ ನೋಡುವುದು. ನೈಸರ್ಗಿಕ ರಬ್ಬರು ಕುಣಿತಕ್ಕೆ ಒಳ್ಳೆಯದು, ಎಣ್ಣೆ ತಾಗಿದರೆ ಮಾತ್ರ ಹಪ್ಪಳದ ಹಾಗೆ ಉಬ್ಬುತ್ತದೆ. ನೈಟ್ರೈಲ್ ರಬ್ಬರು ಎಣ್ಣೆಗೆ ಹೆದರದು. ಪದ್ಮಿನಿಯ ಎಂಜಿನ್ ಕೋಣೆಯಲ್ಲಿ ಎಣ್ಣೆ ಇರದ ಜಾಗವನ್ನು ನಾನು ಇದುವರೆಗೆ ಕಂಡಿಲ್ಲ. ಆದ್ದರಿಂದ ಎರಡು ಬುಷ್‌ಗಳನ್ನು ಪರಿಚಯದ ಘಟಕವೊಂದರಲ್ಲಿ ನೈಟ್ರೈಲಿನಲ್ಲೇ ಹಾಕಿಸಿಕೊಂಡೆ. ಇಂಥ ಪರಿಚಯ ಇಲ್ಲದವರು ಅಳತೆಗೆ ಹತ್ತಿರದ ಬೇರೆ ಗಾಡಿಯ ಹೊಸ ಬುಷ್ ಹುಡುಕಿ ಕೊಂಚ ಕೊರೆಸಿಕೊಳ್ಳಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾದರಿ ತೋರಿಸಿದರೆ ಹುಡುಕಿ ಕೊಡುವ ಹಳಬರು ಇನ್ನೂ ಇದ್ದಾರೆ.

ಲೇತ್ ಇರುವ ಊರಿನಲ್ಲಿ ಹುಟ್ಟುವ ಒಂದು ಚಪಲವಿದೆ: ಎಲ್ಲವನ್ನೂ ಗನ್‌ಮೆಟಲ್ ಬುಷ್ ಮಾಡಿಸಿಬಿಟ್ಟರೆ ಜನ್ಮಕ್ಕಾಯಿತಲ್ಲ ಎಂದು. ನಾನು ಬೇಡ ಎನ್ನುತ್ತೇನೆ. ರಾಡು ಅಲುಗುವವನಿಗೂ ಅಲುಗದವನಿಗೂ ನಡುವೆ ಇದೆ ಎಂದೆನಲ್ಲ, ಆ ಅಲುಗಾಟವನ್ನು ಎಲ್ಲಾದರೂ ನುಂಗಿಕೊಳ್ಳಬೇಕು. ಎಲ್ಲ ಕಡೆ ಲೋಹವಾದರೆ ಎಂಜಿನ್ನಿನ ನಡುಕವೆಲ್ಲ ಹಿಡಿಗೆ ಬಂದು, ಆರಾಮವಾಗಿ ನಿಂತ ಗಾಡಿಯಲ್ಲೂ ಲಿವರ್ ಕೊರಕೊರ ಎನ್ನುತ್ತದೆ. ಎಂಜಿನ್ ತುದಿಗೆ ರಬ್ಬರು, ಕಂಬದ ಬುಡಕ್ಕೆ ನೈಲಾನ್ ಅಥವಾ ಡೆಲ್ರಿನ್, ಇದು ನನ್ನ ಆಯ್ಕೆ. ನೈಲಾನ್ ಕೊರೆಸುವುದಾದರೆ ಒಂದು ಎಚ್ಚರ: ಅದು ಗಾಳಿಯ ತೇವ ಕುಡಿದು ತುಸು ಹಿಗ್ಗುತ್ತದೆ. ಬೇಸಿಗೆಯಲ್ಲಿ ಪಿನ್ನಿಗೆ ಬಿಗಿಯಾಗಿ ಕೂರಿಸಿದ್ದು ನಾಸಿಕ್‌ನ ಆಷಾಢದಲ್ಲಿ ಕಚ್ಚಿಕೊಳ್ಳುತ್ತದೆ. ಕೂದಲೆಳೆಯಷ್ಟು ಜಾಗ ಬಿಡಿಸಿ. ಮೊಟ್ಟೆಯಾಕಾರವಾದ ತೂತಿಗೆ ಹೊಸ ಬುಷ್ ತುರುಕುವುದು ಹಣ ಹಾಳು. ತೂತನ್ನು ವೆಲ್ಡಿಂಗಿನಿಂದ ತುಂಬಿ ಮತ್ತೆ ದುಂಡಗೆ ಕೊರೆಯಬೇಕು, ಸವೆದ ಪಿನ್ನನ್ನೂ ಬದಲಿಸಬೇಕು. ನೈಲಾನಿಗೆ ಸಾಮಾನ್ಯ ಲಿಥಿಯಂ ಗ್ರೀಸು ಸಾಕು, ರಬ್ಬರಿಗೆ ಸಿಲಿಕೋನ್ ಗ್ರೀಸು. ಹಳೆಯ ಎಂಜಿನ್ ಆಯಿಲ್ ಸುರಿಯುವವರನ್ನು ಗಾಡಿಯ ಹತ್ತಿರ ಬಿಡಬೇಡಿ, ಅದು ಧೂಳು ಹಿಡಿದು ಸಾಣೆಕಲ್ಲಿನ ಕೆಲಸ ಮಾಡುತ್ತದೆ.

ಇದನ್ನೆಲ್ಲ ಎಂಜಿನ್ ಕೆಳಗಿರುವಾಗಲೇ ಮಾಡಿದರೆ ಅರ್ಧ ದಿನ ಸಾಕು. ಆ ಖಾಲಿ ಗುಂಡಿಯಲ್ಲಿ ಪ್ರತಿ ಕೀಲೂ ಕೈಗೆ ಸಿಗುತ್ತದೆ. ಎಂಜಿನ್ ಕೂರಿಸಿದ ಮೇಲಾದರೆ ಅದೇ ಕೆಲಸಕ್ಕೆ ಮಿಸ್ತ್ರಿಯ ಗೆಣ್ಣಿನ ಚರ್ಮ ಹೋಗುತ್ತದೆ, ನಿಮ್ಮ ಜೇಬಿನದೂ. ರಾಡಿನ ಅಳತೆ ಹೊಂದಿಸುವುದು ಮಾತ್ರ ಕೊನೆಗೆ, ಎಂಜಿನ್ ತನ್ನ ಮೌಂಟಿಂಗಿನ ಮೇಲೆ ಪೂರ್ತಿ ಭಾರ ಊರಿ ಕೂತ ನಂತರ. ಮೇಲೂ ಕೆಳಗೂ ನ್ಯೂಟ್ರಲಿನಲ್ಲಿಟ್ಟು, ಅಲುಗದಂತೆ ಹಿಡಿದು, ಆಮೇಲೆ ರಾಡಿನ ನಟ್ಟು ಬಿಗಿಯಬೇಕು.

ಕಾಗದಪತ್ರದ ಬಗ್ಗೆಯೂ ಕೇಳುತ್ತೀರಿ. ಎಂಜಿನ್ ಬದಲಾದರೆ ಆರ್‌ಸಿಯಲ್ಲಿರುವ ನಂಬರ್ ಬದಲಾಗಬೇಕು, ಆರ್‌ಟಿಒ ಮೆಟ್ಟಿಲು ಹತ್ತಲೇಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಐವತ್ತು ದಾಟಿದ ವಾಹನಗಳಿಗೆಂದು 2021ರ ಜುಲೈಯಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮವೂ ಮೂಲ ರೂಪ ಉಳಿದಿರಬೇಕು ಎನ್ನುತ್ತದೆ. 1974ರ ಪದ್ಮಿನಿಗಳು ಈಗ ಆ ಗೆರೆ ದಾಟಿವೆ. ಬೇರೆ ಕಂಪನಿಯ ಎಂಜಿನ್ ತುರುಕುವ ಆಸೆ ಇರುವವರು ಇದನ್ನು ಮೊದಲು ಯೋಚಿಸಲಿ. ಬುಷ್ ಬದಲಿಸಲು ಯಾರ ಅಪ್ಪಣೆಯೂ ಬೇಡ, ಆರ್‌ಸಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಹಳೆಯ ಕಾರು ಇಲ್ಲದವರಿಗೂ ಒಂದು ಮಾತು. ಮಾರುತಿ 800ರಲ್ಲಿ ಲಿವರ್ ನೆಲದ ಮೇಲಿದ್ದರೂ ಗೇರ್‌ಬಾಕ್ಸ್ ಇರುವುದು ಮುಂದೆ, ನಡುವೆ ಉದ್ದದ ರಾಡು, ಅದರ ತುದಿಗಳಲ್ಲಿ ಇದೇ ಬುಷ್‌ಗಳು. ಇಂದಿನ ಬಹುತೇಕ ಕಾರುಗಳಲ್ಲಿ ರಾಡಿನ ಬದಲು ಎರಡು ಕೇಬಲ್ಲು. ಒಂದು ಸಾಲು ಹೇಳಲು, ಇನ್ನೊಂದು ಹಿಂದು-ಮುಂದು ಹೇಳಲು.

ಮಾವನ ಗಾಡಿ ಸಿದ್ಧವಾದ ದಿನ ಹಿಡಿಯಲ್ಲಿದ್ದ ಮೂರು ಬೆರಳಿನ ಆಟ ಒಂದು ಬೆರಳಿಗೂ ಕಡಿಮೆಯಾಗಿತ್ತು. ಮಿಸ್ತ್ರಿ ಎರಡು ಬೆರಳಿನಲ್ಲಿ ಗೇರ್ ಹಾಕಿ ತೋರಿಸಿದರು. ನಾನು ಪಾಂಡವ್‌ಲೇಣಿಯವರೆಗೆ ಓಡಿಸಿ ತಂದೆ, ಒಂದು ಸಲವೂ ತಪ್ಪಲಿಲ್ಲ. ಸಂಜೆ ಮಾವನನ್ನು ಕೂರಿಸಿ ಕೀ ಕೊಟ್ಟೆ. ಅವರು ಒಂದನೇ ಗೇರಿನಲ್ಲಿ ಹೊರಟರು, ಲಿವರನ್ನು ತುಸು ಎತ್ತಿ, ಅರೆಗಳಿಗೆ ತಡೆದು, ಮಣಿಕಟ್ಟು ತಿರುಚಿದರು. ಗೇರ್ ನೇರ ನಾಲ್ಕಕ್ಕೆ ಬಿದ್ದು ಗಾಡಿ ಕೆಮ್ಮಿ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ಅದೇ ಎತ್ತುವಿಕೆ, ಮತ್ತೆ ನಾಲ್ಕು. ಮೂರನೇ ಸಲಕ್ಕೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

“ಏನೋ ಅಳಿಯಾ, ಗಾಡಿ ನಂದ ಐತೋ, ಅದಲಬದಲ ಮಾಡ್ಕೊಂಡು ಬಂದೀಯೋ?”